ಕಾರಿನಲ್ಲಿ ಕೂತು ಕಲಿತ ಹಾಡು

ಇತಗಾಕಿ ಕಿಯೊನೊ ಬಹಳ ವರ್ಷ ಜಪಾನಿನ ಸಾಕಾತಾ ಊರಿನ ಶಾಲೆಯೊಂದರಲ್ಲಿ ಮಕ್ಕಳ ಮಧ್ಯಾಹ್ನದ ಊಟ ಬೇಯಿಸಿದವಳು. ದೊಡ್ಡ ದೊಡ್ಡ ಹಂಡೆಗಳ ಹಬೆಯ ನಡುವೆ ಅಡುಗೆಮನೆಯ ಈ ತುದಿಯಿಂದ ಆ ತುದಿಗೆ ಕೂಗಿ ಕೂಗಿಯೇ ಅವಳ ಗಂಟಲು ಪಳಗಿತ್ತು. "ಈ ಗಂಟಲನ್ನ ಬರೀ ಸಾರಿನ ಹತ್ರ ಹಾಳು ಮಾಡ್ತಿದ್ದೀಯಲ್ಲೇ, ಹಾಡೋಕೆ ಬಾ" ಎಂದು ಅವಳನ್ನು ಇಗರಾಶಿ ಗುರುಗಳ ಹತ್ತಿರ ಕರೆದುಕೊಂಡು ಹೋದವಳು ನಾನು.

ಇಗರಾಶಿ ತೊಮೊಜಿ ಹರೆಯದಲ್ಲಿ ಮೀನುದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದವರು. ನಮ್ಮ ಕಡಲ ಕಡೆಯ ಹಳೆಯ ಹಾಡುಗಳೆಲ್ಲ ಅವರ ಬಾಯಲ್ಲಿದ್ದವು. ಗುರುವಾರ ಮಧ್ಯಾಹ್ನ ಸಮುದಾಯ ಭವನದ ಮಹಡಿಯಲ್ಲಿ ನಾವು ಏಳೆಂಟು ಜನ ಸೇರುತ್ತಿದ್ದೆವು. ಒಬ್ಬೊಬ್ಬರೇ ಮುಂದೆ ಹೋಗಿ ಕೂತು ಹಾಡುವುದು, ಅವರು ಮೂರು ತಂತಿಯ ಶಾಮಿಸೆನ್ ನುಡಿಸುವುದು, ಉಳಿದವರು ಹಿಂದೆ ಕೂತು ಕೇಳುವುದು. ಹಾಡು ಮುಗಿದರೆ ಗುರುಗಳು ತಲೆಯಾಡಿಸಿ "ಚೆನ್ನಾಗಿದೆ, ಚೆನ್ನಾಗಿದೆ" ಅನ್ನುತ್ತಿದ್ದರು. ಆಮೇಲೆ ಚಹಾ, ಯಾರಾದರೂ ತಂದ ಮೂಲಂಗಿ ಉಪ್ಪಿನಕಾಯಿ, ಊರ ಮಾತು. ಕಿಯೊನೊ ವಾರದಲ್ಲಿ ಆ ಒಂದು ದಿನಕ್ಕೆಂದೇ ತುಟಿಗೆ ಬಣ್ಣ ಹಚ್ಚುತ್ತಿದ್ದಳು.

ಕೊರೊನಾ ಬಂದ ವಸಂತದಲ್ಲಿ ಭವನಕ್ಕೆ ಬೀಗ ಬಿತ್ತು. ಗುರುಗಳ ಮಗಳು ಮುತ್ಸುಮಿ ಎಲ್ಲರಿಗೂ ಫೋನ್ ಮಾಡಿ, ಅಪ್ಪ ಇನ್ನು ಆನ್‌ಲೈನಿನಲ್ಲಿ ಪಾಠ ಹೇಳುತ್ತಾರೆ, ಬರುತ್ತೀರಾ ಎಂದು ಕೇಳಿದಳು. "ಸ್ವಲ್ಪ ಯೋಚನೆ ಮಾಡಿ ಹೇಳ್ತೀನಿ" ಎಂದರು ಹೆಚ್ಚುಕಡಿಮೆ ಎಲ್ಲರೂ. ನಮ್ಮಲ್ಲಿ ಹಾಗೆಂದರೆ ಇಲ್ಲ ಎಂದೇ ಅರ್ಥ. ಮನೆಯೊಳಗಿನದೆಲ್ಲ ಗುರುಗಳಿಗೆ ಕಾಣುತ್ತದಲ್ಲ ಎಂದು ಕೆಲವರಿಗೆ ಸಂಕೋಚ, ಗುಂಡಿ ಎಲ್ಲಿ ಒತ್ತಬೇಕೋ ಎಂದು ಕೆಲವರಿಗೆ ಭಯ. ಬಾಯಿಬಿಟ್ಟು ಬೇಡವೆಂದವಳು ಕಿಯೊನೊ ಒಬ್ಬಳೇ.

"ತಪ್ಪು ತಿಳ್ಕೋಬೇಡಮ್ಮ ಮುತ್ಸುಮಿ. ಪಾಠ ಅಂದ್ರೆ ಚಪ್ಪಲಿ ಹಾಕ್ಕೊಂಡು ಹೋಗಿ ಕಲಿಯೋದು. ಮನೇಲಿ ಕೂತ್ಕೊಂಡು ತರಿಸ್ಕೊಳ್ಳೋದು ಪಾರ್ಸೆಲ್ಲು."

"ಅಪ್ಪ ಶಾಮಿಸೆನ್ ಮುಟ್ಟೇ ತುಂಬ ದಿನ ಆಯ್ತು ಕಿಯೊನೊ ಅವರೇ. ಸುಮ್ನೆ ಗೋಡೆ ನೋಡ್ಕೊಂಡು ಕೂತಿರ್ತಾರೆ."

ಕಿಯೊನೊ ಆ ಕಡೆ ಕಾಗದ, ಪೆನ್ಸಿಲ್ ಹುಡುಕಿ ತಂದಳು. ಆಮೇಲೆ, "ಯಾವ ಗುಂಡಿ ಒತ್ತಬೇಕು, ಹೇಳು" ಎಂದಳು.

ಮೊದಲ ಪಾಠಕ್ಕೆ ಅವಳು ಇಡೀ ಮನೆ ಗುಡಿಸಿದಳು, ಬಚ್ಚಲನ್ನೂ ಬಿಡಲಿಲ್ಲ. ಪರದೆಯಲ್ಲಿ ಕಾಣುವುದು ಬೆನ್ನ ಹಿಂದಿನ ಒಂದು ಗೋಡೆ ಮಾತ್ರ ಎಂದು ಗಂಡ ಎಯಿಸಾಕು ಹೇಳಿದರೂ ಕೇಳಲಿಲ್ಲ. ಒಳ್ಳೆಯ ಕಿಮೊನೊ ಉಟ್ಟು ಮಂಡಿಯೂರಿ ಕೂತು, ಫೋನಿಗೆ ಎಷ್ಟು ಬಗ್ಗಿ ನಮಸ್ಕರಿಸಿದಳೆಂದರೆ ಆ ಕಡೆ ಗುರುಗಳಿಗೆ ಬರೀ ಗೋಡೆ ಕಾಣಿಸಿತು. ಗುರುಗಳ ಕಿವಿಯ ಮೇಲೆ ಮಗಳು ಕೊಂಡುಕೊಟ್ಟ ದಪ್ಪನೆಯ ಹೆಡ್‌ಫೋನ್ ಕೂತಿತ್ತು.

ಕಿಯೊನೊ ಹಾಡಿದಳು. ಎರಡನೆಯ ಸಾಲು ಮುಗಿಯುವ ಮೊದಲೇ ಗುರುಗಳು ಕೈಯೆತ್ತಿದರು.

"ಅಲ್ಲಿ ಸ್ವರ ಇಳೀತು. ಇನ್ನೊಂದ್ಸಲ."

ಮತ್ತೆ ಹಾಡಿದಳು.

"ಮತ್ತೆ ಇಳೀತು. ಉಸಿರನ್ನ ಮುಂಚೆಯೇ ಖರ್ಚು ಮಾಡ್ಬಿಡ್ತೀಯ. ಇನ್ನೊಂದ್ಸಲ."

ಇಷ್ಟು ವರ್ಷಗಳಲ್ಲಿ ಗುರುಗಳು ಅವಳನ್ನು ಹೀಗೆ ತಡೆದಿದ್ದೇ ಇಲ್ಲ. ಪಕ್ಕದ ಕೋಣೆಯಿಂದ ಎಯಿಸಾಕು ಕಿಸಕ್ಕೆಂದದ್ದು ಕೇಳಿಸಿತು. ಪಾಠ ಮುಗಿದ ಮೇಲೆ ಅವನೆಂದ: "ಅಲ್ವೇ, ಇಷ್ಟು ದಿನ ನಾನು ಸ್ವರ ತಪ್ತೀಯ ಅಂದ್ರೆ ನಿಮಗೇನು ಗೊತ್ತು ಅಂತಿದ್ದೆ. ಈಗ ನೋಡು, ಗುರುಗಳೂ ನನ್ನ ಪಕ್ಷ."

"ನಿಮ್ಮ ಪಕ್ಷ ನಿಮ್ಮ ಹತ್ರಾನೇ ಇರ್ಲಿ ಬಿಡಿ. ಯಂತ್ರದ್ದು ಏನೋ ಕೆಟ್ಟಿದೆ" ಎಂದಳು.

ಮುಂದಿನ ಪಾಠಕ್ಕೆ ಅವಳು ಮನೆಯಲ್ಲಿ ಕೂರಲಿಲ್ಲ. ತನ್ನ ಪುಟ್ಟ ಕಾರನ್ನು ಬಂದರಿನ ತಡೆಗೋಡೆಯ ಹತ್ತಿರ ನಿಲ್ಲಿಸಿ, ಗಾಜು ಏರಿಸಿ, ಸ್ಟೀರಿಂಗಿಗೆ ಫೋನ್ ಒರಗಿಸಿ ಹಾಡಿದಳು. ಬೈಸಿಕೊಳ್ಳುವುದಾದರೆ ಸಮುದ್ರದ ಎದುರು ಬೈಸಿಕೊಳ್ಳುವುದು ಮೇಲು ಎಂದುಕೊಂಡಿದ್ದಳಂತೆ. ಗುರುಗಳು ಅಲ್ಲಿಯೂ ಬಿಡಲಿಲ್ಲ.

ಅಷ್ಟರಲ್ಲಿ ನಾನೂ ಸೇರಿದಂತೆ ಇನ್ನೂ ನಾಲ್ಕಾರು ಜನ ಧೈರ್ಯ ಮಾಡಿ ಸೇರಿದ್ದೆವು. ನಮ್ಮ ಗತಿಯೂ ಅದೇ ಆಯಿತು. ಅಂಚೆ ಕಚೇರಿಯಿಂದ ನಿವೃತ್ತರಾದ ತೊಗಾಶಿ, ನಮ್ಮಲ್ಲೆಲ್ಲ ದೊಡ್ಡ ಹಾಡುಗಾರರೆನಿಸಿಕೊಂಡವರು, ಎರಡೇ ಪಾಠಕ್ಕೆ ಬಿಟ್ಟರು. "ಈ ಪರದೆ ಪಾಠ ಮನುಷ್ಯನನ್ನ ಒರಟು ಮಾಡುತ್ತೆ ಕಣ್ರೀ. ಎದುರಿಗೆ ಕೂತಿದ್ರೆ ಅವರು ಹಂಗೆ ಅಂತಿದ್ರಾ?" ಎಂದರು. ನಮಗೂ ಹಾಗೇ ಅನ್ನಿಸಿತು. ನಾನು ಸೊಂಟನೋವೆಂದು ನೆಪ ಹೇಳಿ ಬಿಟ್ಟೆ. ಕೊನೆಗೆ ಉಳಿದವಳು ಬೇಡವೆಂದಿದ್ದ ಕಿಯೊನೊ.

ಒಂದು ದಿನ ಪಾಠದ ನಡುವೆ ಗುರುಗಳು ಚಹಾ ಕುಡಿಯಲು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಹಿಂದಿನಿಂದ ಮುತ್ಸುಮಿ ಬಂದು "ಅಪ್ಪ, ಸಕ್ಕರೆ ಬಿಸ್ಕತ್ತು ಬೇಕಾ?" ಎಂದಳು. ಅವರು ತಿರುಗಲಿಲ್ಲ. ಇನ್ನೂ ಹತ್ತಿರ ಬಂದು ಗಟ್ಟಿಯಾಗಿ ಕೇಳಿದಳು. ಕಾರಿನಲ್ಲಿ ಕೂತ ಕಿಯೊನೊಗೆ ಸ್ಪಷ್ಟವಾಗಿ ಕೇಳಿದ್ದು ಕೈಯಳತೆಯಲ್ಲಿದ್ದ ಗುರುಗಳಿಗೆ ಕೇಳಲಿಲ್ಲ. ಮುತ್ಸುಮಿ ಅವರ ಭುಜ ಮುಟ್ಟಿ, ಮುಖದ ಮುಂದೆ ಬಂದು ಬಾಯಿ ಆಡಿಸಿದಳು. ಆಗ ಅವರು "ಬೇಡ" ಎಂದರು.

ಎಂಜಿನ್ ಸದ್ದು ಗುರುಗಳ ಕಿವಿಯನ್ನು ಎಂದೋ ತಿಂದಿತ್ತು. ಭವನದಲ್ಲಿ ಅವರು ನೋಡುತ್ತಿದ್ದದ್ದು ನಮ್ಮ ಬಾಯಿ, ನಮ್ಮ ಎದೆಯ ಏರಿಳಿತ. ಹಾಡು ಮುಗಿದದ್ದು ಕಂಡಾಗ ತಲೆಯಾಡಿಸುತ್ತಿದ್ದರು. ಹೆಡ್‌ಫೋನ್ ಅವರಿಗೆ ನಮ್ಮ ದನಿಯನ್ನು ಹಿಂದಿರುಗಿಸಿತ್ತು, ನಮ್ಮ ತಪ್ಪುಗಳ ಸಮೇತ.

ಆ ದಿನ ಪಾಠ ಮುಗಿದ ಮೇಲೂ ಕಿಯೊನೊ ಕಾರಿನಿಂದ ಇಳಿಯಲಿಲ್ಲ. ಕಿವಿಯೆಲ್ಲ ಬಿಸಿಯಾಗಿತ್ತು ಎಂದಳು ನನ್ನ ಹತ್ತಿರ, ಬಹಳ ಕಾಲದ ನಂತರ ಇದನ್ನೆಲ್ಲ ಹೇಳುವಾಗ. ಮದುವೆಗಳಲ್ಲಿ, ಹಬ್ಬಗಳಲ್ಲಿ ತಾನು ಎದೆಯುಬ್ಬಿಸಿ ಹಾಡಿದ್ದೆಲ್ಲ ನೆನಪಾಯಿತಂತೆ. ಆ "ಚೆನ್ನಾಗಿದೆ"ಗಳಲ್ಲಿ ಯಾವುದೂ ತನ್ನದಾಗಿರಲಿಲ್ಲ. ಗುರುಗಳ ಮೇಲೆ ಸಿಟ್ಟು ಬಂತಾ ಎಂದು ಕೇಳಿದೆ. "ಬಂತು. ಮಾರನೇ ದಿನದವರೆಗೂ ಇತ್ತು" ಎಂದಳು.

ಮುಂದಿನ ಪಾಠದಲ್ಲಿ ನಮಸ್ಕಾರ ಮುಗಿಸಿ ಅವಳು, "ಗುರುಗಳೇ, ಇವತ್ತು ಹೊಸದು ಬೇಡ. ಮೊದಲಿಂದ ಹೇಳ್ಕೊಡಿ" ಎಂದಳು.

"ಈ ಹಾಡಿನ ಮೊದಲಿಂದಲಾ?"

"ಅಲ್ಲ. ನಾನು ಸೇರಿದಾಗ ಕಲಿಸಿದ್ರಲ್ಲ, ಆ ಹಾಡಿಂದ."

ಗುರುಗಳು ಅವಳನ್ನೇ ನೋಡಿದರು. ಹೆಡ್‌ಫೋನನ್ನು ಎರಡೂ ಕೈಯಿಂದ ಸರಿಮಾಡಿಕೊಂಡರು. "ನಿಂಗೆ ಗೊತ್ತಾಗಿದೆ, ಅಲ್ವಾ" ಎಂದರು. ಅವಳು "ಏನು ಗುರುಗಳೇ?" ಎಂದಳು. ಅವರು ಮತ್ತೆ ಕೇಳಲಿಲ್ಲ. ತಂತಿ ಬಿಗಿಮಾಡಿ ಶುರುಮಾಡಿದರು.

ಭವನ ಮತ್ತೆ ತೆರೆದಾಗ ನಾವೆಲ್ಲ ಹಬ್ಬಕ್ಕೆ ಹೋದ ಹಾಗೆ ಹೋದೆವು. ನನ್ನ ಸೊಂಟವೂ ವಾಸಿಯಾಗಿತ್ತು. ಗುರುಗಳು ಬರಿಗಿವಿಯಲ್ಲಿ ಕೂತು "ಚೆನ್ನಾಗಿದೆ, ಚೆನ್ನಾಗಿದೆ" ಎಂದರು. ಕಿಯೊನೊ ಮಾತ್ರ ಬರಲಿಲ್ಲ. ತಾನು ಕಾರಿನಲ್ಲೇ ಕಲಿಯುತ್ತೇನೆ ಎಂದಳು.

"ನಮ್ಮ ಜೊತೆ ಕೂತ್ರೆ ಈಗ ಅವಳ ಅಂತಸ್ತು ಕಮ್ಮಿ ಆಗುತ್ತೇನೋ" ಎಂದರು ತೊಗಾಶಿ, ಚಹಾ ಹೀರುತ್ತಾ. ನಾನೂ ನಕ್ಕೆ. ಮಾತು ಅವಳ ಕಿವಿಗೂ ಬಿತ್ತು. ಅಂಗಡಿಯಲ್ಲಿ ಎದುರಾದಾಗ ಕೆಲವರು ಕಾಟಾಚಾರಕ್ಕೆ ಅರ್ಧ ಬಗ್ಗಿ ಮುಂದೆ ಹೋಗುತ್ತಿದ್ದರು. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಗುರುಗಳ ಮಾನ ಹೋಗುತ್ತಿತ್ತು. ಎಯಿಸಾಕುವಿಗೂ ಅವಳು ಹೇಳಲಿಲ್ಲ.

ಇದು ಗುರುಗಳವರೆಗೆ ಹೇಗೆ ತಲುಪಿತೋ ತಿಳಿಯದು. ಹಿಮ ಬೀಳುವ ಮೊದಲು ಒಂದು ಗುರುವಾರ ಅವರು ಶಾಮಿಸೆನ್ ಜೊತೆ ಒಂದು ಬಟ್ಟೆಯ ಗಂಟು ತಂದರು. ಅದರಿಂದ ಒಂದು ಮೈಕು, ಆ ಹೆಡ್‌ಫೋನ್ ಹೊರಬಂದವು. ಮೈಕನ್ನು ಹಾಡುವವರು ಕೂರುವ ಜಾಗದಲ್ಲಿಟ್ಟು, ತಾವು ಹೆಡ್‌ಫೋನ್ ಹಾಕಿಕೊಂಡು ನೆಲಕ್ಕೆ ಹಣೆ ತಾಗುವಂತೆ ನಮಗೆ ಬಗ್ಗಿದರು.

"ನಂಗೆ ಕಿವಿ ಕೇಳಲ್ಲ. ಕೇಳದೇ ತುಂಬ ಕಾಲ ಆಯ್ತು. ಕಿಯೊನೊ ಗೊತ್ತಿದ್ದೂ ಸುಮ್ನಿದ್ಲು. ಇವತ್ತಿಂದ ನಿಮ್ಮನ್ನೂ ತಡೀತೀನಿ. ಇಷ್ಟ ಇಲ್ದೋರು ಬಿಡಬಹುದು."

ಮೊದಲು ಹಾಡಲು ಕೂತವರು ತೊಗಾಶಿ. ಮೊದಲ ಸಾಲಿನಲ್ಲೇ ಗುರುಗಳು ಕೈಯೆತ್ತಿದರು. ತೊಗಾಶಿಯ ಕತ್ತು ಕೆಂಪಾಯಿತು, ಆದರೆ ಎದ್ದು ಹೋಗಲಿಲ್ಲ. ಇಬ್ಬರು ಮುಂದಿನ ವಾರದಿಂದ ಬರಲಿಲ್ಲ.

ನಾನು ಮೂಲಂಗಿ ಉಪ್ಪಿನಕಾಯಿ ತೆಗೆದುಕೊಂಡು ಕಿಯೊನೊ ಮನೆಗೆ ಹೋದೆ. ನಕ್ಕದ್ದು ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ. ಬಾಗಿಲಲ್ಲಿ ನನ್ನ ಬಾಯಿಂದ ಹೊರಬಂದ ಮಾತು, "ಈ ಸಲ ಉಪ್ಪು ಸ್ವಲ್ಪ ಜಾಸ್ತಿ ಆಗಿದೆ" ಎಂದು. ಅವಳು ಪೊಟ್ಟಣ ಇಸಿದುಕೊಂಡು, "ಒಳಗೆ ಬಾ, ಚಳಿ" ಎಂದಳು.

ಕಿಯೊನೊ ಈಗ ಗುರುವಾರ ಭವನಕ್ಕೆ ಬರುತ್ತಾಳೆ. ಕಾರಿನ ಪಾಠವನ್ನೂ ಬಿಟ್ಟಿಲ್ಲ. ಯಾರೂ ಕೇಳದ ಜಾಗದಲ್ಲಿ ಗುರುಗಳೊಬ್ಬರಿಗೇ ಹಾಡುವುದು ರೂಢಿಯಾಗಿದೆ, ಬಿಡಲು ಮನಸ್ಸಿಲ್ಲ ಎನ್ನುತ್ತಾಳೆ. ಕಳೆದ ಚಳಿಗಾಲ ಹಿಮಗಾಳಿಗೆ ರಸ್ತೆ ಮುಚ್ಚಿದಾಗ ನಮಗೆಲ್ಲ ಮನೆಯಿಂದಲೇ ಪಾಠವಾಯಿತು. ತೊಗಾಶಿ, ಪರದೆಯಲ್ಲಿ ತಮ್ಮ ಮುಖ ಬರುವಂತೆ ಮಾಡಲಾಗದೆ, ಕಿಯೊನೊಗೆ ಫೋನ್ ಮಾಡಿದರು. ಅವಳು ಸಾವಧಾನವಾಗಿ ಒಂದೊಂದೇ ಹೇಳಿಕೊಟ್ಟಳು, ಅವರು ಪ್ರತಿ ಮಾತಿಗೂ "ಹ್ಞೂ, ಹ್ಞೂ" ಎನ್ನುತ್ತಾ ಒತ್ತಿದರು.