ಓಟಿನ ಸಾಲಿನಲ್ಲಿ ಸರೋಜಿನಿಯ ಬುತ್ತಿ

ಪರದೇಶದ ಜಾನ್ಸ್ ಕ್ರೀಕ್ ಎಂಬ ಊರಿನಲ್ಲಿ ಸರೋಜಿನಿಯ ಮನೆಗೆ ಬಂದು ಹಸಿದು ಹೋದವರಿಲ್ಲ. ಪಾತ್ರೆ ತೊಳೆಯುವ ಯಂತ್ರದ ರಿಪೇರಿಗೆ ಬಂದವನು ದೋಸೆ ತಿಂದು, ಯಂತ್ರವನ್ನೇ ಮರೆತು ಹೋಗಿದ್ದ. ಕಾರಿನ ವೇಗ ಹೆಚ್ಚಾಯಿತೆಂದು ತಡೆದ ಪೊಲೀಸನಿಗೂ ಅವಳು ಚಕ್ಕುಲಿ ನೀಡಿದ್ದಳು. ಅವನು ಚಕ್ಕುಲಿ ಬೇಡವೆಂದು ದಂಡದ ಚೀಟಿ ಹರಿದುಕೊಟ್ಟ. ದಂಡಕ್ಕಿಂತ ಆ ‘ಬೇಡ’ವೇ ಅವಳನ್ನು ವಾರವಿಡೀ ಸುಟ್ಟಿತು.

ಉಡುಪಿಯ ಈ ಹೆಂಗಸು ಗಂಡ ತೀರಿಕೊಂಡ ಮೇಲೆ ಶಿಶುವಿಹಾರವೊಂದರ ಅಡುಗೆಮನೆಯಲ್ಲಿ ದುಡಿದು ಮಗಳು ಸುರಕ್ಷಾಳನ್ನು ಅದೇ ರಾಜ್ಯದ ಏಥೆನ್ಸ್ ಊರಿನ ಕಾಲೇಜಿಗೆ ಸೇರಿಸಿದ್ದಳು. ವಿದ್ಯಾರ್ಥಿವೇತನ ಪಾಠದ ಫೀ ಕಟ್ಟುತ್ತಿತ್ತು. ಆದರೆ ಮಕ್ಕಳಿಗೆ ತಲೆ ಮಾತ್ರವಲ್ಲ, ಹೊಟ್ಟೆಯೂ ಇರುತ್ತದೆ ಎಂಬುದು ಅದನ್ನು ಕೊಡುವವರಿಗೆ ಹೊಳೆದಂತಿರಲಿಲ್ಲ.

ರಾಜ್ಯ ಆಳುವ ಗವರ್ನರನನ್ನು ಜನರೇ ಆರಿಸುವ ಚುನಾವಣೆ ಬಂತು. ಕಾಲೇಜಿನ ಖರ್ಚು ಇಳಿಸುತ್ತೇವೆಂದು ರಸ್ತೆಯ ಎರಡೂ ಬದಿಯ ಫಲಕಗಳು ಹಲ್ಲು ಕಿರಿಯುತ್ತಿದ್ದವು. ತಾಯಿಗೆ ಈ ದೇಶದ ಪೌರತ್ವ ಸಿಕ್ಕಿ ಇದು ಮೊದಲ ಓಟು. ಹದಿನೆಂಟು ತುಂಬಿದ ಮಗಳಿಗೂ ಮೊದಲನೆಯದು. ಚುನಾವಣೆಯ ದಿನ ಮಗಳಿಗೆ ಪರೀಕ್ಷೆ. ಹಾಗಾಗಿ ಮುಂಗಡ ಮತದಾನದ ಕೊನೆಯ ದಿನ, ಶುಕ್ರವಾರ, ಅವಳು ತರಗತಿ ಮುಗಿಸಿ ನೇರವಾಗಿ, ತಾಯಿ ಕಾದು ನಿಂತಿದ್ದ, ಊರಿನ ಗ್ರಂಥಾಲಯದ ಮತಗಟ್ಟೆಯ ಸಾಲಿಗೇ ಬಂದಳು. ಇಂದು ತಪ್ಪಿದರೆ ತಪ್ಪಿದಂತೆಯೇ.

ಸಾಲು ಕಾರು ನಿಲ್ಲಿಸುವ ಜಾಗದವರೆಗೂ ಬೆಳೆದಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ಸುರಕ್ಷಾ ಗೋಡೆಗೆ ಒರಗಿದಳು.

“ಎಂತ ಆಯ್ತು? ಮುಖ ಯಾಕೆ ಬಿಳಿಚಿದೆ?”

“ನಥಿಂಗ್, ಅಮ್ಮ. ಲಂಚ್ ಸ್ಕಿಪ್ ಮಾಡ್ದೆ.”

“ಕಾಲೇಜಲ್ಲಿ ಊಟ ಕೊಡ್ತಾರಲ್ಲ?”

ಮಗಳು ನೆಲ ನೋಡಿದಳು. “ಮೀಲ್ ಪ್ಲಾನ್ ಕ್ಯಾನ್ಸಲ್ ಮಾಡಿದೀನಿ. ತುಂಬಾ ಎಕ್ಸ್‌ಪೆನ್ಸಿವ್. ರೂಮ್ ರೆಂಟ್ ಕೂಡ ಕೊಡ್ಬೇಕಲ್ವಾ.”

ಊರಿಗೆಲ್ಲ ಬಡಿಸಿದವಳ ಮಗಳು ಉಪವಾಸ!  ಸರೋಜಿನಿ ಚೀಲದಿಂದ, ಮಗಳಿಗೆಂದು ಕರಿದು ತಂದ ಗೋಳಿಬಜೆಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಸಾಲಿನ ಮೂಗುಗಳೆಲ್ಲ ಇತ್ತ ತಿರುಗಿದವು. ಅವುಗಳ ಹಿಂದೆಯೇ ಮತಗಟ್ಟೆಯ ಅಧಿಕಾರಿಣಿ ಓಡಿ ಬಂದಳು.

“ಮೇಡಂ, ಸಾಲಿನಲ್ಲಿರುವ ಮತದಾರರಿಗೆ ತಿಂಡಿ ಕೊಡುವಂತಿಲ್ಲ. ಕಾನೂನು.”

“ಇವಳು ನನ್ನ ಮಗಳು!”

“ಮಗಳೂ ಮತದಾರಳೇ. ನಿಮ್ಮ ತಿಂಡಿಯನ್ನು ನೀವು ತಿನ್ನಬಹುದು.”

“ನನಗೆ ಇವತ್ತು ಏಕಾದಶಿ!”

ಕಾನೂನಿನಂತೆ ತಿನ್ನಬಹುದಾದವಳಿಗೆ ವ್ರತ, ವ್ರತವಿಲ್ಲದವಳಿಗೆ ಕಾನೂನು. ಹಸಿದವರ ಕೈಗೆ ತುತ್ತು ಹಾಕಿದರೆ ಓಟು ಕೆಡುತ್ತದೆಂದು ಕಾನೂನು ಬರೆದವರು ತಮ್ಮ ಸಭೆಗಳಲ್ಲಿ ಮಧ್ಯಾಹ್ನದ ಊಟ ಬಿಟ್ಟ ಉದಾಹರಣೆ ಇದ್ದರೆ ಯಾರಾದರೂ ತೋರಿಸಲಿ.

“ಅಮ್ಮ, ಸೀನ್ ಮಾಡ್ಬೇಡ. ನಾನು ಹೋಗಿ ಏನಾದ್ರೂ ತಿಂತೀನಿ,” ಎಂದು ಸುರಕ್ಷಾ ಸಾಲಿನಿಂದ ಕಾಲು ಹೊರಗಿಟ್ಟಳು.

“ಹೊರಗೆ ಹೋದ್ರೆ ಮತ್ತೆ ಬಾಲದಿಂದ ಬರ್ಬೇಕು. ಅಷ್ಟರಲ್ಲಿ ಬಾಗಿಲು ಹಾಕ್ತಾರೆ. ನಿಲ್ಲು, ಮಾರಾಯ್ತಿ!” ಸರೋಜಿನಿ ಅಧಿಕಾರಿಣಿಯತ್ತ ತಿರುಗಿದಳು. “ಕೊಡುವುದು ತಪ್ಪು, ಅಲ್ವಾ?”

“ಹೌದು, ಕೊಡುವುದು ತಪ್ಪು.”

“ಸರಿ, ನಾನು ಕೊಡುವುದಿಲ್ಲ.”

ಅವಳು ಮಗಳಿಗೆ ಬೆನ್ನು ಹಾಕಿ, ತೆರೆದ ಡಬ್ಬಿಯನ್ನು ಎರಡೂ ಕೈಯಲ್ಲಿ ಸೊಂಟದ ಹಿಂದೆ ಹಿಡಿದು, ಮೋಡಗಳನ್ನು ನೋಡತೊಡಗಿದಳು. ಸುರಕ್ಷಾಳಿಗೆ ಹೇಳಿಕೊಡಬೇಕಿರಲಿಲ್ಲ. ಒಂದು ಹೋಯಿತು. ಇನ್ನೊಂದು ಹೋಯಿತು.

“ಅಯ್ಯೋ, ಯಾರೋ ಕದೀತಿದ್ದಾರೆ!” ಸರೋಜಿನಿ ಇಂಗ್ಲಿಷಿನಲ್ಲೇ ಕೂಗಿದಳು.

ಅಧಿಕಾರಿಣಿ ತುಟಿ ಕಚ್ಚಿ ನಗು ತಡೆದಳು. “ದೂರು ಕೊಡುತ್ತೀರಾ?”

“ಓಟಾದ ಮೇಲೆ ಯೋಚಿಸ್ತೇನೆ.”

ಹಿಂದಿನಿಂದ ಒಬ್ಬ ಮುದುಕ ಕೇಳಿದ: “ಕಳ್ಳರಿಗೆ ಇನ್ನೂ ಜಾಗ ಇದೆಯೇ?” ಇಲ್ಲ ಎನ್ನಲಾರದೆ ಸರೋಜಿನಿ ಡಬ್ಬಿಯನ್ನು ಅವನತ್ತ ವಾಲಿಸಿದಳು. ಆದರೆ ಅಧಿಕಾರಿಣಿ ಕೆಮ್ಮಿದಳು, ಡಬ್ಬಿಯೂ ಖಾಲಿಯಾಗಿತ್ತು.

ಬಾಗಿಲು ಹಾಕುವ ಮೊದಲು ಇಬ್ಬರೂ ಒಳಗೆ ತಲುಪಿದರು. ಸುರಕ್ಷಾ ಎಣ್ಣೆಯ ಬೆರಳನ್ನು ಪ್ಯಾಂಟಿಗೆ ಒರೆಸಿ ಮತಯಂತ್ರದ ಪರದೆ ಮುಟ್ಟಿದಳು. ಹೊರಬಂದಾಗ ಮುಖಕ್ಕೆ ಬಣ್ಣ ಮರಳಿತ್ತು.

“ನಾವು ಹಾಕಿದವ್ರು ಗೆದ್ರೆ ಖರ್ಚು ಕಡಿಮೆ ಆಗತ್ತಾ, ಅಮ್ಮ?”

“ಆಗ್ಲಿ, ಆಗದಿರ್ಲಿ. ಅವರು ಇಳಿಸುವವರೆಗೆ ನಿನ್ನ ಹೊಟ್ಟೆ ಕಾಯ್ತದಾ?” ಸರೋಜಿನಿ ಕಾರು ತಿರುಗಿಸಿದಳು. “ನಡಿ, ಮೊದಲು ಅಕ್ಕಿ ತಗೊಳ್ಳುವ. ಏಥೆನ್ಸಿಗೆ ನಾನೇ ಬಂದು, ಒಂದು ವಾರದ್ದು ಮಾಡಿಟ್ಟು ಬರ್ತೇನೆ.”