ಕಲ್ಲುಗೊರವಕ್ಕೆ ಹಾದಿ ಬಿಟ್ಟ ಅಂಬಿಗ

ಮಾಗಳದ ದಂಡೆಯಲ್ಲಿ ಇನ್ನೂ ನಸುಕು. ಅಂಬಿಗರ ಗಾಳೆಪ್ಪ ಬೋರಲು ಹಾಕಿದ್ದ ಹರಗೋಲನ್ನು ಮಗುಚಿ ನೀರಿಗೆ ತಳ್ಳುತ್ತಾರೆ. ಎಂಟು ಮಂದಿ ಹತ್ತುತ್ತಾರೆ. ಬೇಸಿಗೆಗೆ ತುಂಗಭದ್ರೆ ಸೊರಗಿ ನಡುವೆ ಕಲ್ಲುಮರಳಿನ ದಿಬ್ಬ ಎದ್ದಿದೆ. ದಿಬ್ಬದವರೆಗೆ ಹರಗೋಲು, ಅಲ್ಲಿಂದಾಚೆ ನಡಿಗೆ. ಆದರೆ ಗಾಳೆಪ್ಪ ನೇರವಾಗಿ ಹುಟ್ಟು ಹಾಕುವುದಿಲ್ಲ. ಹರಿವಿಗೆ ಎದುರಾಗಿ ಇನ್ನೂರು ಮಾರು ಮೇಲೆ ಹೋಗಿ ಜನರನ್ನು ಇಳಿಸುತ್ತಾರೆ.

ಅವರು ಹುಟ್ಟು ಹಿಡಿದದ್ದು ೧೯೬೫ರಲ್ಲಿ. ಮೂವತ್ತೆಂಟು ವರ್ಷವಾಯಿತು. ದಿನಕ್ಕೆ ಹನ್ನೆರಡು ಸರತಿ. ಸಂಜೆಗೆ ರಟ್ಟೆ ಮೇಲೇಳುವುದಿಲ್ಲ. ಆದರೂ ಈ ಬಳಸು ದಾರಿ ಹಿಡಿದದ್ದು ಒಂದು ಹಕ್ಕಿಗಾಗಿ. ಏಪ್ರಿಲ್‌ನಲ್ಲಿ ಕಲ್ಲುಗೊರವವೊಂದು ಜನ ನಡೆಯುವ ಹಾದಿಯಲ್ಲೇ ಎರಡು ಮೊಟ್ಟೆ ಇಟ್ಟಿತು. ಗೂಡಿಲ್ಲ, ಕಡ್ಡಿಯಿಲ್ಲ, ಕಲ್ಲಿನ ನಡುವೆ ಕಲ್ಲಿನದೇ ಬಣ್ಣದ ಮೊಟ್ಟೆ. “ಕಾಲಿಡಬೇಕು ಅನ್ನೂದ್ರಾಗ ಕಲ್ಲ ಎದ್ದು ಓಡಿತ್ರಿ,” ಎಂದು ಗಾಳೆಪ್ಪ ನಗುತ್ತಾರೆ.

ಆಚೆ ದಂಡೆಗೆ ಮೊಸರು ಮಾರಲು ಹೋಗುವ ಪಕ್ಕೀರಮ್ಮ ಮೊದಲ ದಿನವೇ ಜಗಳ ತೆಗೆದರು. “ಹಕ್ಕಿ ಸಲುವಾಗಿ ನಾ ಸುತ್ತು ಹಾಕಬೇಕೇನೋ ಗಾಳ್ಯಾ? ನನ್ನ ಮೊಸರು ಹುಳಿ ಆಗತೈತಿ.”

ಗಾಳೆಪ್ಪ ಹರಗೋಲು ನಿಲ್ಲಿಸಿ ದೂರದಿಂದಲೇ ಬೆರಳು ತೋರಿಸಿದರು.

“ಕಲ್ಲು ಬಿಟ್ರ ಏನೂ ಕಾಣವಲ್ದು.”

“ನೋಡ್ತಾ ಇರು ಯಕ್ಕಾ.”

ಕಲ್ಲೆಂದುಕೊಂಡದ್ದು ದೊಡ್ಡ ಹಳದಿ ಕಣ್ಣು ತೆರೆದು ಇವರನ್ನೇ ನೋಡಿತು. ಪಕ್ಕೀರಮ್ಮ ಗಡಿಗೆ ತಬ್ಬಿಕೊಂಡು ಮುಂದಕ್ಕೆ ಬಾಗಿ ನೋಡಿದರು. ಮರುದಿನದಿಂದ ಗೊಣಗುವವರ ಬಾಯಿ ಮುಚ್ಚಿಸುವ ಕೆಲಸ ಅವರದೇ ಆಯಿತು: “ಬಾಣಂತಿಗೆ ಹಾದಿ ಬಿಡದ ಮಂದಿ ಎಂಥಾ ಮಂದಿಲೇ?”

ಒಂದು ಮೊಟ್ಟೆ ಕಾಗೆಯ ಪಾಲಾಯಿತು. ಆ ದಿನ ಗಾಳೆಪ್ಪನವರಿಗೆ ಊಟ ಸೇರಲಿಲ್ಲ. ಇನ್ನೊಂದು ಇಪ್ಪತ್ತಾರನೆಯ ದಿನ ಬೆಳಗ್ಗೆ ಒಡೆಯಿತು. ಹರಗೋಲು ಅರ್ಧ ತಾಸು ನಿಂತೇ ಇತ್ತು. ಹೊರಡು ಎಂದು ಯಾರೂ ಅನ್ನಲಿಲ್ಲ.

ಈಗ ಬೂದು ಬಣ್ಣದ ಮರಿ ತಾಯಿಯ ಹಿಂದೆ ನೀರಂಚಿಗೆ ಓಡುತ್ತದೆ. ಹಳೆಯ ಹಾದಿ ತೆರವಾಗಿದೆ. “ನೆಟ್ಟಗ ಹೋಗಬಹುದ್ರಿ. ಮಂದಿ ಬಿಡವಲ್ರು. ಮರಿ ಕಾಣೂ ಕಡಿಂದನ ಹೋಗು ಅಂತಾರ,” ಎನ್ನುತ್ತಾರೆ ಗಾಳೆಪ್ಪ.

ಜಗತ್ತಿನಲ್ಲಿ ಈ ಹಕ್ಕಿಯ ಬಳಗದಲ್ಲಿ ಹತ್ತು ಬಗೆಗಳಿವೆ, ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲೂ ಹೀಗೆ ಬರಿನೆಲದಲ್ಲೇ ಮೊಟ್ಟೆ ಇಡುತ್ತವೆ ಎಂದರೆ ಗಾಳೆಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿ ಕೇಳುತ್ತಾರೆ: “ಅಲ್ಲೂ ಕಾಯೋರು ಅದಾರೇನ್ರಿ?”

ಜೂನ್‌ನಲ್ಲಿ ಹೊಸ ನೀರು ಬಂದರೆ ದಿಬ್ಬ ಮುಳುಗುತ್ತದೆ. ಆಗ ದಂಡೆಯಿಂದ ದಂಡೆಗೆ ಹರಗೋಲೇ ಗತಿ, ಗಾಳೆಪ್ಪನವರಿಗೆ ಕೈತುಂಬ ಕೆಲಸ.

“ಹೊಳಿ ತುಂಬಿದ್ರ ನನಗ ದುಡಿಮಿ, ಖರೆ,” ಎನ್ನುತ್ತಾರೆ ಅವರು. “ಆದ್ರ ಈ ಸಲ ನೀರು ಒಂದು ಹದಿನೈದು ದಿನ ತಡಾ ಮಾಡಿ ಬರ್ಲಿ. ಅದಕ್ಕಿನ್ನಾ ರೆಕ್ಕಿ ಬಲ್ತಿಲ್ಲ.”