ಅಲಿಯಬ್ಬ ಹೊಲಿದ ಕಂದು ಅಂಗಿಗಳು

ಅಲಿಯಬ್ಬ ಹೆಂಗಸರ ಬಟ್ಟೆ ಹೊಲಿಯುವ ದರ್ಜಿ. ಊರು ಬಂಟ್ವಾಳದ ಹತ್ತಿರ, ಕೆಲಸ ಸೌದಿಯ ಜಿದ್ದಾದಲ್ಲಿ. ಅಲ್ಲಿನ ಅಜೀಜಿಯಾ ಬಡಾವಣೆಯ ಅವರ ಅಂಗಡಿಯೊಳಗೆ ಹೆಂಗಸರು ಕಾಲಿಡುವ ಹಾಗಿರಲಿಲ್ಲ. ಕಿಟಕಿಯಲ್ಲಿ ಹಳೆಯ ಬಟ್ಟೆ ಕೊಟ್ಟು ಹೋಗುತ್ತಿದ್ದರು, ಅದರ ಅಳತೆಗೆ ಅಲಿಯಬ್ಬ ಹೊಸತು ಹೊಲಿಯುತ್ತಿದ್ದರು.

ಮೈ ಅಳತೆಯೇ ಆಗಬೇಕು ಎನ್ನುವವರು ಮನೆಗೆ ಬರಬೇಕು. ಮನೆಯ ಹಾಲ್‌ನಲ್ಲಿ ಹೆಂಡತಿ ಸಫಿಯತ್ ಟೇಪು ಹಿಡಿಯುವಳು. ನಡುವೆ ಒಂದು ಹಸಿರು ಪರದೆ. ಅದರ ಆಚೆ ಮೆಷಿನ್ನಿನ ಮುಂದೆ ಅಲಿಯಬ್ಬ. ಅವಳು ಕೂಗಿದ್ದನ್ನು ಅವರು ಬರೆದುಕೊಳ್ಳುವರು. ಸಫಿಯತ್ ಓದಿದ್ದು ಮೂರನೇ ಕ್ಲಾಸು. ಅಂಕಿ ಗೊತ್ತಿತ್ತು, ಅಷ್ಟು ಸಾಕಿತ್ತು. ಪರದೆಯ ಹಿಂದೆ ಕೂತು ಕೂತು ಅಲಿಯಬ್ಬರ ಕಿವಿ ಚುರುಕಾಗಿತ್ತು. ಯಾರ ಸೊಂಟ ದಪ್ಪವಾಯಿತು, ಯಾರ ಮನೆಯಲ್ಲಿ ಜಗಳ, ಎಲ್ಲ ಆ ಕಿವಿಗೆ ಗೊತ್ತು. ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

2014ರಲ್ಲಿ ಮಗಳು ಶಹಾನಾ ಒಂಬತ್ತನೇ ಕ್ಲಾಸು. ಹುಡುಗಿಯರ ಶಾಲೆ. ಜರ್ಮನಿಯಲ್ಲಿ ಹಿಟ್ಲರನ ಪಕ್ಷ ಮೊದಮೊದಲು ಹೇಗೆ ಬೆಳೆಯಿತು ಎನ್ನುವ ಪಾಠವನ್ನು ಟೀಚರ್ ನಾಟಕ ಮಾಡಿಸಿದರು. ಆ ಪಕ್ಷದ ಸಭೆ ನಡೆಯುತ್ತಿದ್ದದ್ದು ಬಿಯರ್ ಕುಡಿಯುವ ಜಾಗದಲ್ಲಂತೆ. ಜಿದ್ದಾದ ಶಾಲೆಯಲ್ಲಿ ಬಿಯರಿನ ಹೆಸರೆತ್ತುವುದುಂಟೇ? ಟೀಚರ್ ಅದನ್ನು ಜ್ಯೂಸ್ ಅಂಗಡಿ ಮಾಡಿದರು. ಮಾವಿನಹಣ್ಣಿನ ಜ್ಯೂಸ್ ಕುಡಿದು ಮೇಜು ಗುದ್ದುವ ಹನ್ನೊಂದು ಹುಡುಗಿಯರಿಗೆ ಕಂದು ಅಂಗಿ ಬೇಕಾಯಿತು. ಕೆಲಸ ಅಲಿಯಬ್ಬರಿಗೆ ಬಂತು.

"ಎಲ್ಲ ಒಂದೇ ಅಳತೆಯಲ್ಲಿ ಹೊಲಿದ್ರೆ ಸಾಕಂತೆ ಉಪ್ಪ," ಎಂದಳು ಶಹಾನಾ ಅಪ್ಪನಿಗೆ.

"ಯಾರು ಹೇಳಿದ್ದು?"

"ಟೀಚರ್. ಹಿಟ್ಲರನ ಪಕ್ಷದವರೂ ಹಾಗೇ ಹಾಕಿದ್ದಂತೆ. ಸೈನ್ಯಕ್ಕೆ ಹೊಲಿದು ಉಳಿದ ಅಂಗಿ ಕಮ್ಮಿಗೆ ಸಿಕ್ಕಿತ್ತಂತೆ."

ಅಲಿಯಬ್ಬರಿಗೆ ನಗು ಬಂತು. "ಬೇರೆಯವರಿಗೆ ಹೊಲಿದ ಅಂಗಿಯಾ! ಮತ್ತೆ ಜನ ಯಾಕೆ ಹಾಕಿದ್ದು?"

"ಯುದ್ಧ ಸೋತಿದ್ರು, ಕೆಲಸ ಇರ್ಲಿಲ್ಲ. ಅಂಗಿ ಹಾಕಿದ್ರೆ ಊಟ ಸಿಗ್ತಿತ್ತು, ಜೊತೆಗೆ ಜನ ಇರ್ತಿದ್ರು. ಎಲ್ಲ ಕಷ್ಟಕ್ಕೂ ಯಹೂದಿಗಳೇ ಕಾರಣ ಅಂತ ಹೇಳಿಕೊಟ್ರು."

ಅಲಿಯಬ್ಬ ಮೆಷಿನ್ ನಿಲ್ಲಿಸಿದರು. ಹಿಂದಿನ ವರ್ಷ ಇಕಾಮಾದ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿಯ, ಗಲಾಟೆಯಲ್ಲಿ ಅವರೇ ಎರಡು ತಿಂಗಳು ಅಂಗಡಿ ಮುಚ್ಚಿ ಕೂತಿದ್ದರು. "ಹಾಗಾದ್ರೆ ನಾನೂ ಹಾಕ್ತಿದ್ದೆನೋ ಎಂತದೋ," ಎಂದರು.

"ನಿಮ್ಮ ಹೊಟ್ಟೆಗೆ ಅದರ ಬಟನ್ ಕೂರಬೇಕಲ್ಲ," ಎಂದಳು ಸಫಿಯತ್.

ಒಂದೇ ಅಳತೆ ಎಂಬುದನ್ನು ಅಲಿಯಬ್ಬ ಒಪ್ಪಲಿಲ್ಲ. ಹನ್ನೊಂದು ಹುಡುಗಿಯರನ್ನೂ ನಿಲ್ಲಿಸಿ ಅಳತೆ ತೆಗೆಸಿದರು.

ನಾಟಕದ ಅಭ್ಯಾಸವೂ ಅವರ ಹಾಲ್‌ನಲ್ಲೇ ನಡೆಯಿತು. ಕಂದು ಅಂಗಿಯವರ ನಾಯಕಿ ಶಹಾನಾ. ಯಹೂದಿ ಅಂಗಡಿಯವನ ಪಾತ್ರ ಮಧುಶ್ರೀಯದು. ಮಧುಶ್ರೀ ಮೈಸೂರಿನವಳು, ಅಪ್ಪ ಇಂಜಿನಿಯರ್, ಅದೇ ಕಟ್ಟಡದ ಮೇಲಿನ ಮಹಡಿ. ಎಲ್‌ಕೆಜಿಯಿಂದ ಇಬ್ಬರೂ ಬಸ್ಸಿನಲ್ಲಿ ಒಂದೇ ಸೀಟು, ಒಂದೇ ಡಬ್ಬಿ.

ಮೊದಲ ದಿನ ನಗುತ್ತಾ ಮಾಡಿದರು. ನಾಲ್ಕನೇ ದಿನ ನಗು ನಿಂತಿತು. ಆರನೇ ದಿನ ಸಫಿಯತ್ ಶರಬತ್ತು ತಂದಳು. ಹನ್ನೊಂದು ಲೋಟ ಖಾಲಿಯಾಯಿತು, ಹನ್ನೆರಡನೆಯದು ತಟ್ಟೆಯಲ್ಲೇ ಉಳಿಯಿತು.

"ಅವಳಿಗೆ ಬೇಡ ಉಮ್ಮ. ಅವಳು ನಮ್ಮ ಪಾರ್ಟಿ ಅಲ್ಲ," ಎಂದಳು ಶಹಾನಾ.

ಮಧುಶ್ರೀ ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಸಫಿಯತ್ ಹೋಗಿ ಕೇಳಿದ್ದಕ್ಕೆ ಮೆಲ್ಲಗೆ ಹೇಳಿದಳು. "ಬಸ್ಸಲ್ಲೂ ಪಕ್ಕ ಕೂರಿಸ್ತಿಲ್ಲ ಆಂಟಿ. ನಾನು ನಾಟಕ ಬಿಡ್ತೀನಿ. ನಿಮ್ಮನೆಗೂ ಬರಲ್ಲ."

"ಶುಕ್ರವಾರ ಅಂಗಿ ಹಾಕಿ ನೋಡುವುದುಂಟು. ಅದೊಂದು ದಿನ ಬಾ ಮಗಾ. ಮತ್ತೆ ನಿನ್ನ ಇಷ್ಟ."

ಹುಡುಗಿಯರು ಹೋದ ಮೇಲೆ ಸಫಿಯತ್ ಪರದೆ ಸರಿಸಿದಳು. "ಕೇಳಿತಾ? ಶಹಾನಾಳಿಗೆ ನಾಲ್ಕು ಬಾರಿಸ್ಲಾ?"

"ಬೇಡ ಮಾರಾಯ್ತಿ. ಹೊಡೆದ್ರೆ ಮಧುವಿಂದಾಗಿ ಪೆಟ್ಟು ತಿಂದೆ ಅಂತ ಆಗ್ತದೆ. ಬಟ್ಟೆ ನಾನಿನ್ನೂ ಕತ್ತರಿಸಿಲ್ಲ ಅಲ್ವಾ."

ಅಲಿಯಬ್ಬ ಚಾಕ್‌ಪೀಸ್ ತೆಗೆದುಕೊಂಡು ಬಟ್ಟೆಗೆ ಗುರುತು ಹಾಕತೊಡಗಿದರು. ಸಫಿಯತ್ ನೋಡಿದಳು. ಕಂಕುಳಿನ ಗೆರೆ ನಾಲ್ಕು ಬೆರಳು ಕೆಳಗಿತ್ತು. ದರ್ಜಿಯ ಹೆಂಡತಿಗೆ ಇದು ಗೊತ್ತಿರುತ್ತದೆ. ಕಂಕುಳು ಮೇಲಿದ್ದರೆ ಕೈ ಮಾತ್ರ ಏಳುತ್ತದೆ. ಕೆಳಗಿಳಿಸಿದರೆ ಕೈಯ ಜೊತೆ ಇಡೀ ಅಂಗಿ ಏಳುತ್ತದೆ.

"ಇಳಿದು ಹೋಯ್ತಲ್ಲ?"

"ಹೋಗ್ಲಿ."

ಶುಕ್ರವಾರ ಬೆಳಿಗ್ಗೆ ಹನ್ನೊಂದು ಹುಡುಗಿಯರು ಚೂಡಿದಾರದ ಮೇಲೆ ಕಂದು ಅಂಗಿ ಹಾಕಿ ಬೆಲ್ಟು ಬಿಗಿದು ಸಾಲಾಗಿ ನಿಂತರು. ಭುಜ ಸರಿ, ಕಾಲರ್ ಸರಿ. ಎಲ್ಲ ಒಂದೇ ಥರ ಕಂಡರು. ತಾನೇ ಟೇಪು ಹಿಡಿದ ಮಕ್ಕಳು, ಆದರೂ ಸಫಿಯತ್‌ಗೆ ಹೆದರಿಕೆಯಾಯಿತು. ಮಧುಶ್ರೀ ಚಪ್ಪಲಿ ಗೂಡಿನ ಪಕ್ಕ ನಿಂತಿದ್ದಳು.

"ರೆಡಿ! ಸಲ್ಯೂಟ್!" ಎಂದು ಕಿರುಚಿದಳು ಶಹಾನಾ.

ಹನ್ನೊಂದು ಕೈ ಮೇಲೆದ್ದವು. ಹನ್ನೊಂದು ಅಂಗಿಯೂ ಎದ್ದವು. ಬೆಲ್ಟಿನಿಂದ ಕಿತ್ತುಕೊಂಡು ಬಂದವು. ಒಳಗಿನ ಹೂವಿನ ಚೂಡಿದಾರಗಳೆಲ್ಲ ಹೊರಗೆ. ಕಾಲರುಗಳು ಕಿವಿ ಮುಚ್ಚಿದವು. ಸಾಜಿದಾ ಎಂಬ ಸಣ್ಣ ಹುಡುಗಿಯ ಮುಖವೇ ಅಂಗಿಯೊಳಗೆ ಹೋಯಿತು.

ಮೊದಲ ನಗು ಚಪ್ಪಲಿ ಗೂಡಿನ ಕಡೆಯಿಂದ ಬಂತು. ಆಮೇಲೆ ಸಾಜಿದಾ. ಆಮೇಲೆ ಸಾಲೇ ಉಳಿಯಲಿಲ್ಲ.

"ಉಪ್ಪಾ! ಎಂತ ಹೊಲಿದದ್ದು ಇದು!"

"ಕಂಕುಳು ಇಳಿದಿದೆಯಾ?" ಪರದೆಯ ಆಚೆಯಿಂದ ಅಲಿಯಬ್ಬ. "ವಯಸ್ಸಾಯ್ತು ಮಗಾ. ಸರಿ ಮಾಡುವ, ಕಂಕುಳಿಗೆ ಒಂದು ಚೌಕದ ತುಂಡು ಸೇರಿಸಿದ್ರೆ ಆಯ್ತು. ಮೈಮೇಲೆ ಇರುವಾಗ್ಲೇ ಗುರುತು ಹಾಕ್ಬೇಕು. ಸಫಿಯತ್, ನೀನು ಬೇಡ, ನಿನ್ನ ಕೈ ನಡುಗ್ತದೆ. ಅಂಗಿ ಇಲ್ಲದವಳು ಒಬ್ಬಳುಂಟಲ್ಲ, ಅವಳಿಗೆ ಚಾಕ್‌ಪೀಸ್ ಕೊಡು. ಯಲ್ಲಾ, ಬೇಗ!"

ಸಫಿಯತ್‌ಳ ಕೈ ಯಾವತ್ತೂ ನಡುಗಿದ್ದಲ್ಲ. ಅವಳು ಚಾಕ್‌ಪೀಸ್ ಕೊಟ್ಟಳು.

ಈಗ ಮಧುಶ್ರೀ ಹೇಳಿದಂತೆ ಎಲ್ಲರೂ ಕೈ ಎತ್ತಬೇಕು. ಕಂಕುಳಲ್ಲಿ ಚಾಕ್‌ಪೀಸ್ ಓಡಿದರೆ ಯಾರಿಗೆ ತಡೆಯುತ್ತದೆ? ಒಬ್ಬಳು ಕುಣಿದಳು, ಒಬ್ಬಳು ಗೋಡೆಗೆ ಅಂಟಿದಳು, ಸಾಜಿದಾ ನೆಲದ ಮೇಲೆ ಕೂತೇಬಿಟ್ಟಳು. ಕೊನೆಗೆ ಉಳಿದದ್ದು ಶಹಾನಾ. ಗೋಡೆ ನೋಡುತ್ತಾ ನಿಂತಿದ್ದಳು.

"ಕೈ ಎತ್ತು," ಎಂದಳು ಮಧುಶ್ರೀ.

ಎತ್ತಿದಳು.

"ಇನ್ನೂ ಮೇಲೆ."

"ಇಷ್ಟೇ ಆಗುದು."

"ಸಲ್ಯೂಟ್‌ಗೆ ಆಗಿತ್ತಲ್ಲ?"

ಮಧುಶ್ರೀ ಗುರುತು ಒಂದು ಸಲ ಹಾಕಲಿಲ್ಲ, ನಾಲ್ಕು ಸಲ ಹಾಕಿದಳು. ಶಹಾನಾ ತುಟಿ ಕಚ್ಚಿ ನೋಡಿದಳು, ಆಗಲಿಲ್ಲ. ನಕ್ಕಳು. ನಗುತ್ತಾ ನಗುತ್ತಾ ಅತ್ತಳು.

"ಸಾರಿ ಮಧು. ಭಾನುವಾರ ಶಾಲೆ ಶುರುವಾಗುವಾಗ ಬಸ್ಸಿಗೆ ಬರ್ತೀಯಲ್ಲ?"

"ಸೀಟು ಇದ್ರೆ."

"ಉಂಟು."

ಮಧ್ಯಾಹ್ನ ಅಂಗಿಗಳ ಹೊಲಿಗೆ ಬಿಚ್ಚುತ್ತಿದ್ದ ಅಪ್ಪನ ಮುಂದೆ ಶಹಾನಾ ಬಂದು ಕೂತಳು. "ಬೇಕಂತಲೇ ಮಾಡಿದ್ದಲ್ವಾ?"

"ಎಂತದು?"

"ಮೊದಮೊದಲು ಅಲ್ಲಿಯೂ ಜನ ಆ ಅಂಗಿಯವರನ್ನು ನೋಡಿ ನಕ್ಕಿದ್ರಂತೆ ಉಪ್ಪ. ನಕ್ಕು ಸುಮ್ಮನೆ ಮನೆಗೆ ಹೋದ್ರಂತೆ."

ಅಲಿಯಬ್ಬ ದಾರ ಕಚ್ಚಿ ತುಂಡು ಮಾಡಿದರು. "ನಾನು ಮನೆಯಲ್ಲೇ ಇದ್ದೆನಲ್ಲ. ಎಲ್ಲಿಗೆ ಹೋಗ್ಲಿ?"

ನಾಟಕದ ದಿನ ಗಂಡಸರನ್ನು ಒಳಗೆ ಬಿಡಲಿಲ್ಲ. ಅಲಿಯಬ್ಬ ಕಾಂಪೌಂಡ್ ಗೋಡೆಗೆ ಒರಗಿ ಹೊರಗೆ ನಿಂತು ಕೇಳಿದರು. ಅಭ್ಯಾಸವಿತ್ತು. ಸಫಿಯತ್ ಹೊರಬಂದಾಗ ಕೇಳಿದರು, "ಕೈ ಎದ್ದಿತಾ?"

"ಎದ್ದಿತು."

"ಅಂಗಿ?"

"ಅಲ್ಲೇ ಇತ್ತು. ಯಹೂದಿಯ ಅಂಗಡಿ ಒಡೆಯುವಾಗ ತಾಯಂದಿರೆಲ್ಲ ಅತ್ತರು."

"ಮಧು ಎಲ್ಲಿ?"

"ಶಹಾನಾಳ ಡಬ್ಬಿ ಖಾಲಿ ಮಾಡ್ತಿದ್ದಾಳೆ."

ಅಲಿಯಬ್ಬ ತೀರಿದ್ದು 2017ರಲ್ಲಿ. ಎದೆನೋವು, ಎರಡೇ ದಿನ. ಮೇಲಿನ ಮಹಡಿಯಿಂದ ಮೊದಲು ಓಡಿ ಬಂದದ್ದು ಮಧುಶ್ರೀ. ಶಹಾನಾ ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು. ಸಫಿಯತ್ ಅದನ್ನು ನೋಡಿ, ಎಂದಿನಂತೆ ಪರದೆಯ ಆಚೆ ಅವರಿಗೆ ಹೇಳಬೇಕು ಎಂದು ತಿರುಗಿದಳು.